ಅಪ್ಪನದು ಬೇಡ, ಚಿಕ್ಕಪ್ಪನದೇ ಬೇಕು

ಬಸ್ ಡಿಪೋದ ಸ್ಟೋರ್ ಕೀಪರನಿಗೆ ವರ್ಕ್‌ಶಾಪಿನವರು ಇಟ್ಟ ಹೆಸರು ‘ನೂಲೆಳೆ’. ಬಿಡಿಭಾಗದಲ್ಲಿ ನೂಲೆಳೆಯಷ್ಟು ವ್ಯತ್ಯಾಸವಿದ್ದರೂ ಆತ ಕೊಡುತ್ತಿರಲಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದು ತೋರಿಸಬೇಕು. ಎಂಟು ವರ್ಷದ ಹಿಂದೆ ಅಲ್ಲೇ ಮೆಕ್ಯಾನಿಕ್ ಆಗಿದ್ದ ಸ್ವಂತ ತಮ್ಮ, ಅಳತೆಗೆ ಕೂರದ ಬೇರಿಂಗನ್ನು ಅರದಿಂದ ಉಜ್ಜಿ ಕೂರಿಸಿದಾಗ, ಈ ಮಹಾನುಭಾವ ಮೇಲಿನವರಿಗೆ ಬರೆದು ಕೊಟ್ಟ. ತಮ್ಮನ ಕೆಲಸ ಹೋಯಿತು. ಅಣ್ಣತಮ್ಮಂದಿರ ನಡುವೆ ಮಾತೂ ನಿಂತಿತು.

ಈಗ ಮಗಳಿಗೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆ ಬದಲಿಸಬೇಕು. ಪೂರ್ತಿ ಹೊಂದುವವರು ಯಾರೂ ಸಿಗಲಿಲ್ಲ. ಹೆಂಡತಿಯ ಹೃದಯ ದುರ್ಬಲ, ಆಕೆ ಕೊಡುವಂತಿಲ್ಲ. ಅಪ್ಪನದು ಅರ್ಧ ಹೊಂದಿತು. ಅಷ್ಟು ಸಾಕೆಂದು ಆತ ಸಿಗರೇಟು ಬಿಟ್ಟ, ಬೆಳಗ್ಗೆ ಎದ್ದು ನಡೆದ, ಡಿಪೋದಲ್ಲಿ ಕಂಡಕಂಡವರಿಗೆಲ್ಲ “ನಾನೇ ಕೊಡೋದು” ಎಂದು ಹೇಳಿಕೊಂಡು ತಿರುಗಿದ.

ಅಂದು ಡಾಕ್ಟರಮ್ಮ ಎರಡು ರಿಪೋರ್ಟ್ ಮುಂದಿಟ್ಟರು. ಎರಡನೆಯದು ತಮ್ಮನದು, ಹೆಂಡತಿ ಗುಟ್ಟಾಗಿ ಕರೆಸಿ ಪರೀಕ್ಷೆ ಮಾಡಿಸಿದ್ದಳು.

“ಇದೂ ಅರ್ಧವೇ. ಆದ್ರೆ ನಿಮ್ಮ ತಮ್ಮನದೇ ಒಳ್ಳೇದು,” ಎಂದರು ಡಾಕ್ಟರಮ್ಮ.

“ಅದು ಹೇಗಮ್ಮಾ? ನಾನು ಹೆತ್ತ ಅಪ್ಪ!”

“ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಅಂತ ಕಾವಲು ಕಣಗಳಿರ್ತವೆ. ಅವುಗಳ ಮೈಮೇಲೆ ರಿಸೆಪ್ಟರ್ ಇರುತ್ತೆ, ಅದರಿಂದ ಎದುರಿನ ಕಣದ ಗುರುತು ನೋಡ್ತವೆ. ಗೊತ್ತಿರೋ ಗುರುತು ಸಿಕ್ಕರೆ ನಮ್ಮವರೇ ಅಂತ ಬಿಟ್ಟುಬಿಡ್ತವೆ. ಮಗಳ ಗುರುತು ನಿಮ್ಮ ಕಣಗಳಿಗೆ ಗೊತ್ತು. ಅಳಿದುಳಿದ ಕ್ಯಾನ್ಸರನ್ನೂ ಅವು ಬಿಡಬಹುದು. ತಮ್ಮನ ಕಣಗಳು ಹುಡುಕೋ ಗುರುತು ಅವಳಲ್ಲಿಲ್ಲ. ಉಳಿದ ಕ್ಯಾನ್ಸರನ್ನು ಕೊಲ್ಲೋಕೆ ಅವು ದಾಕ್ಷಿಣ್ಯ ನೋಡಲ್ಲ.”

ಆತನಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. “ಹೊಂದೋದು ಬೇಡ, ಹೊಂದದ್ದೇ ಬೇಕು! ಇದ್ಯಾವ ಸೀಮೆ ಲೆಕ್ಕ? ನನ್ನ ಕೇಳದೆ ಅವನನ್ನ ಯಾಕೆ ಕರೆಸಿದೆ?”

“ಕೇಳಿದ್ರೆ ಬೇಡ ಅಂತಿದ್ರಿ,” ಎಂದಳು ಆಕೆ. “ಪರೀಕ್ಷೆಗೆ ನಾನು ಕರೆದೆ, ಬಂದ್ರು. ಮಜ್ಜೆ ಬೇಕಾದ್ರೆ ಅಣ್ಣನೇ ಬಾಯಿಬಿಟ್ಟು ಕೇಳಬೇಕಂತೆ.”

ಹಟದಲ್ಲಿ ಮಾತ್ರ ಅಣ್ಣತಮ್ಮಂದಿರು ಪೂರ್ತಿ ಹೊಂದುತ್ತಾರೆ, ಅದಕ್ಕೆ ಯಾವ ಲ್ಯಾಬೂ ಬೇಡ!

ಆಸ್ಪತ್ರೆಯ ಮೆಟ್ಟಿಲ ಬಳಿ ಆತ ಮೂರು ಸಲ ನಂಬರ್ ಒತ್ತಿ ಮೂರು ಸಲವೂ ಕಟ್ ಮಾಡಿದ. ತಪ್ಪಾಯಿತು ಎನ್ನಲು ಈಗಲೂ ಬಾಯಿ ಬಾರದು. ಬರೆದು ಕೊಟ್ಟದ್ದು ಸರಿಯೇ ಎಂದು ಈಗಲೂ ಆತನ ವಾದ. ಎರಡು ತಿಂಗಳು ಮೈಯನ್ನು ಸಿದ್ಧ ಮಾಡಿಕೊಂಡವನಿಗೆ ಅದು ಮಗಳ ಉಪಯೋಗಕ್ಕೆ ಬಾರದೆ ಹೋದದ್ದೇ ದೊಡ್ಡ ಸಂಕಟ.

ನಾಲ್ಕನೆಯ ಸಲ ಕಟ್ ಮಾಡುವುದರೊಳಗೆ ಆ ಕಡೆಯಿಂದ ದನಿ ಬಂತು. “ಅಣ್ಣಾ?”

“ನನ್ನದು ಅವಳಿಗೆ ಆಗಲ್ಲವಂತೆ ಕಣೋ,” ಎಂದ ಆತ. “ನೀನು ಕೊಡ್ತೀಯೇನೋ?”