ಜಯಮ್ಮನ ಮರದ ಮರಿ

ಕೊಕ್ಕರೆ ಮರಿಯೊಂದು ನಮ್ಮ ಅಂಗಳಕ್ಕೆ ದೊಪ್ಪನೆ ಬಿತ್ತು. ಚಂಡಮಾರುತ ದುರ್ಬಲವಾಗಿದೆ ಎಂದು ಟಿ.ವಿ.ಯಲ್ಲಿ ಹೇಳಿದ್ದರು. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬಂದದ್ದು ಒಂದು ಮಧ್ಯಾಹ್ನದ ಗಾಳಿಮಳೆ ಮಾತ್ರ. ಅಷ್ಟಕ್ಕೇ ಪಕ್ಕದ ಮನೆ ಜಯಮ್ಮನ ಹುಣಸೆಮರದ ಕೊಂಬೆ ಗೂಡುಗಳ ಸಮೇತ ಮುರಿದಿತ್ತು. ಪ್ರತಿವರ್ಷ ಹಕ್ಕಿಗಳು ಅವಳ ಮರಕ್ಕೇ ಬರುತ್ತಿದ್ದವು, ನಮ್ಮ ಮರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಹೊಟ್ಟೆಕಿಚ್ಚಿಗೆ, ಕೊಂಬೆ ಮುರಿದದ್ದು ಕಂಡು ಒಳಗೊಳಗೇ ಖುಷಿಯಾಯಿತು. ಮರಿಯನ್ನು ಸೆರಗಲ್ಲಿ ಸುತ್ತಿ ಅಡುಗೆಮನೆಯಲ್ಲಿ ಬಚ್ಚಿಟ್ಟೆ.

ಜಯಮ್ಮ ನೆನೆದುಕೊಂಡೇ ಓಡಿಬಂದಳು. "ಒಂದು ಮರಿ ಕಾಣ್ತಿಲ್ಲ ಕಣಕ್ಕಾ, ನೋಡುದ್ಯಾ?" ಎನ್ನುತ್ತಾ ಅತ್ತೇಬಿಟ್ಟಳು. ತಡೆಯಲಾಗದೆ ಒಳಗಿನಿಂದ ತಂದುಕೊಟ್ಟೆ.

"ನೀನಿಲ್ದಿದ್ರೆ ನಾಯಿ ಪಾಲಾಗೋದು ಕಣಕ್ಕಾ!" ಎಂದು ನನ್ನ ಕೈ ಹಿಡಿದುಕೊಂಡಳು.

ಮರಿ ಬದುಕಿತು, ಹಾರಿಯೂ ಹೋಯಿತು. ಅದನ್ನು ಉಳಿಸಿದವಳು ನಾನೇ ಎಂದು ಜಯಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಬಚ್ಚಿಟ್ಟಿದ್ದೆ ಎಂದು ಅವಳಿಗೆ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.