ಹೆಸರು, ನಂಬರು, ಹುಟ್ಟಿದ ದಿನ

ನಾನು ಮಾರ್ಕ್ಸ್ ನಂಬಿ ಬೆಳೆದವಳು. ದಾವಣಗೆರೆಯಲ್ಲಿ ಎಂಬಿಬಿಎಸ್ ಓದುವಾಗ ಅರ್ಧ ಮಾರ್ಕಿಗಾಗಿ ಪ್ರೊಫೆಸರರ ರೂಮಿನ ಮುಂದೆ ಎರಡು ಗಂಟೆ ನಿಂತಿದ್ದೇನೆ, ಅದೂ ಪಾಸಾಗಿದ್ದ ಪೇಪರಿಗೆ. ಐರ್ಲೆಂಡಿಗೆ ಬಂದು ಹನ್ನೊಂದು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ಹಾಗಾಗಿ ವಯಸ್ಸಾದವರ ವಾರ್ಡಿನಲ್ಲಿ ಮರೆವಿನ ಪರೀಕ್ಷೆ ಮಾಡುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಮೂವತ್ತು ಅಂಕದ ಪರೀಕ್ಷೆ. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ಹೇಳುತ್ತೇನೆ ನೆನಪಿಟ್ಟುಕೊಳ್ಳಿ, ಒಂದು ಗಡಿಯಾರ ಬರೆದು ತೋರಿಸಿ. ನಾನು ಕ್ಲಿಪ್‌ಬೋರ್ಡ್ ಹಿಡಿದು ಟಿಕ್ ಹಾಕುತ್ತಾ ಹೋಗುತ್ತಿದ್ದೆ.

ನಮ್ಮ ಮನೆ ಡ್ರೋಹೆಡಾದಲ್ಲಿ. ಆಗ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರ. ಅದರ ಹೆಸರು ಬೇಡ. ತಪ್ಪು ಮಾಡಿದ್ದು ಆಸ್ಪತ್ರೆಯಲ್ಲ, ನಾನು. ಅಲ್ಲಿಗೆ ಒಬ್ಬ ಅಜ್ಜ ಬಂದಿದ್ದರು. ತೊಂಬತ್ತಮೂರು ವರ್ಷ. ಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮೂರು ವಾರಕ್ಕೆಲ್ಲ ವಾಕರ್ ಹಿಡಿದು ವಾರ್ಡಿನ ಉದ್ದಕ್ಕೂ ಓಡಾಡತೊಡಗಿದ್ದರು. ಇನ್ನು ಅವರನ್ನು ಮನೆಗೆ ಕಳಿಸಬಹುದೋ, ಜೀವನಪೂರ್ತಿ ನರ್ಸಿಂಗ್ ಹೋಮಿಗೆ, ಅಂದರೆ ಇಲ್ಲಿನ ವೃದ್ಧಾಶ್ರಮಕ್ಕೆ, ಕಳಿಸಬೇಕೋ ಎನ್ನುವುದಷ್ಟೇ ಉಳಿದಿತ್ತು. ಅದನ್ನು ತೀರ್ಮಾನಿಸುವ ಮೀಟಿಂಗಿಗೆ ನನ್ನ ಪರೀಕ್ಷೆಯ ಅಂಕ ಬೇಕಿತ್ತು.

ಮೊದಲ ಮಂಗಳವಾರ ಮಂಚದ ಪಕ್ಕ ನಿಂತು ಶುರು ಮಾಡಿದೆ. ಅಜ್ಜ ಕ್ಲಿಪ್‌ಬೋರ್ಡ್ ನೋಡಿದರು, ಬೆನ್ನು ನೆಟ್ಟಗೆ ಮಾಡಿಕೊಂಡರು, ತಮ್ಮ ಹೆಸರು ಹೇಳಿದರು. ಆಮೇಲೆ ಉದ್ದನೆಯ ಒಂದು ನಂಬರು. ಆಮೇಲೆ ಹುಟ್ಟಿದ ದಿನ. ಮುಗಿಯಿತು, ಬಾಯಿಗೆ ಬೀಗ. ಇದು ಯಾವ ಊರು ಅಂದರೆ ಹೆಸರು, ನಂಬರು, ಹುಟ್ಟಿದ ದಿನ. ಮೂರು ಪದ ಕೊಟ್ಟೆ: ಕೊಡೆ, ದೋಣಿ, ಕಿತ್ತಳೆ. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಅದೇ ಹೆಸರು, ಅದೇ ನಂಬರು. ಆಸ್ಪತ್ರೆಯ ನಂಬರೇನೋ ಅಂತ ಫೈಲ್ ತೆಗೆದು ನೋಡಿದೆ. ಅಲ್ಲ. ಫೋನ್ ನಂಬರೂ ಅಲ್ಲ. 'ಸಂಬಂಧವಿಲ್ಲದ ಸಂಖ್ಯೆಯನ್ನು ಪದೇ ಪದೇ ಹೇಳುತ್ತಾರೆ' ಎಂದು ಬರೆದು ಸೊನ್ನೆ ಕೊಟ್ಟೆ. ಮುಂದಿನ ಮಂಗಳವಾರ ಮತ್ತೊಮ್ಮೆ ಮಾಡಿದೆ. ಮತ್ತೆ ಸೊನ್ನೆ. ಅದಕ್ಕೆ ಮುಂಚೆ ನಾನು ಯಾರಿಗೂ ಸೊನ್ನೆ ಕೊಟ್ಟಿರಲಿಲ್ಲ.

ವಾರ್ಡಿಗೆ ಟೀ ಟ್ರಾಲಿ ತಳ್ಳಿಕೊಂಡು ಬರುವ ಹೆಂಗಸು ಇದನ್ನು ಕೇಳಿ ನನ್ನ ಮೇಲೆ ಹರಿಹಾಯ್ದಳು. ಅವಳ ಮಾತಿನ ಧಾಟಿಯನ್ನು ನಮ್ಮ ಕನ್ನಡದಲ್ಲೇ ಹೇಳುತ್ತೇನೆ. "ಮರೆವಂತೆ, ಮರೆವು! ನಿನ್ನೆ ರೇಸಲ್ಲಿ ಯಾವ ಕುದುರೆ ಗೆದ್ದಿತು ಅಂತ ನನಗೇ ಹೇಳ್ತಾರೆ ಅವರು. ನನ್ನ ಮೊಮ್ಮಗಳ ಹಲ್ಲುನೋವು ಹೆಂಗಿದೆ ಅಂತ ದಿನಾ ಕೇಳ್ತಾರೆ. ಆ ಮನುಷ್ಯ ಗ್ರ್ಯಾಂಡ್, ಚೆನ್ನಾಗೇ ಇದ್ದಾರೆ ಡಾಕ್ಟ್ರೇ!"

ಪಿತ್ತ ನೆತ್ತಿಗೇರಿತು. ಎಂಡಿ ಮಾಡಿದವಳು ನಾನು, ಟೀ ಕೊಡುವವಳು ನನಗೆ ಪಾಠ ಹೇಳುವುದೇ? ಮುಖ ಊದಿಸಿಕೊಂಡು ಹೊರಟುಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಜ್ಜನಿಗೆ ಒಬ್ಬಳೇ ಮಗಳು. ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ, ಇಲ್ಲಿಗೆ ಬರಲು ಮೂರು ತಾಸಿನ ಮೇಲೆ ಬೇಕು. ಬುಧವಾರ ಬಂದಳು. ಸೊನ್ನೆಯ ವಿಷಯ ಹೇಳಿದ್ದಕ್ಕೆ ಕಾರಿಡಾರಿನಲ್ಲೇ ಅತ್ತಳು. "ಅಪ್ಪ ಮೊದಲಿನಿಂದಲೂ ಮಾತು ಕಮ್ಮಿ. ಯಾವ ಫಾರ್ಮ್ ಬಂದ್ರೂ ಒಲೆಗೆ ಹಾಕೋರು. ಹುಡುಗಾಗಿದ್ದಾಗ ನಾಲ್ಕೈದು ವರ್ಷ ಲಿವರ್‌ಪೂಲಲ್ಲಿ ಬಂದರಿನ ಕೆಲಸ ಮಾಡಿದ್ರಂತೆ, ಅದರ ಬಗ್ಗೆನೂ ಬಾಯಿ ಬಿಡಲ್ಲ. ಅವರನ್ನ ಆ ಮನೆಯಿಂದ ಕಿತ್ತು ಬೇರೆ ಕಡೆ ಹಾಕಿದ್ರೆ ಆರು ತಿಂಗಳೂ ಉಳಿಯಲ್ಲ ಅಂತ ನನಗೆ ಗೊತ್ತು. ಆದ್ರೆ ನೀವೇ ಸೊನ್ನೆ ಅಂದ್ರೆ ನಾನೇನು ಮಾಡ್ಲಿ?" ಶುಕ್ರವಾರ ಮೀಟಿಂಗು. ನರ್ಸಿಂಗ್ ಹೋಮಿನ ಅರ್ಜಿ ಅವಳ ಕೈಚೀಲದಲ್ಲೇ ಇತ್ತು, ಸಹಿ ಒಂದು ಬಾಕಿ.

ಗುರುವಾರ ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ದಾವಣಗೆರೆಯಲ್ಲಿ ಇಪ್ಪತ್ತು ಮಕ್ಕಳಿಗೆ ಸಂಜೆ ಲೆಕ್ಕದ ಪಾಠ ಹೇಳುತ್ತಾಳೆ. ನನ್ನ ಜೊತೆ ಮಾತಾಡುತ್ತಲೇ ಆ ಕಡೆ ಒಬ್ಬರಿಗೆ ಮಗ್ಗಿ ಒಪ್ಪಿಸಲು ಹೇಳುತ್ತಿರುತ್ತಾಳೆ. ನಾನು ಸುಮ್ಮನೆ ಗೊಣಗಿದೆ. "ಒಬ್ಬ ಅಜ್ಜ ಬಂದಿದಾರಮ್ಮ, ತಲೆ ಚಿಟ್ಟು ಹಿಡಿಸ್ತಿದಾರೆ. ಏನು ಕೇಳಿದ್ರೂ ಹೆಸರು, ನಂಬರು, ಹುಟ್ಟಿದ ದಿನ. ಅಷ್ಟೇ."

ಅಮ್ಮ ಆ ಕಡೆ ಮಗ್ಗಿ ನಿಲ್ಲಿಸಿದಳು. "ಅಲ್ಲ ಕಣೇ, ಮರೆತೇಬಿಟ್ಯಾ? ತಾತ ಹೇಳ್ತಿರ್ಲಿಲ್ವಾ, ಯುದ್ಧದಲ್ಲಿ ಸೆರೆ ಸಿಕ್ಕಿದವರು ಅಷ್ಟೇ ಹೇಳೋದು ಅಂತ? ಹೆಸರು, ರ‍್ಯಾಂಕು, ನಂಬರು, ಹುಟ್ಟಿದ ದಿನ. ಅದಕ್ಕಿಂತ ಒಂದು ಮಾತು ಜಾಸ್ತಿ ಹೇಳ್ಬೇಕಾಗಿಲ್ಲ ಅಂತ ಕಾನೂನೇ ಇತ್ತಂತೆ."

ನಾನು ಅದನ್ನೇ 'ಸಂಬಂಧವಿಲ್ಲದ ಸಂಖ್ಯೆ' ಎಂದು ಬರೆದಿದ್ದೆ.

ತಾತ ಅಂದರೆ ಅಮ್ಮನ ಅಪ್ಪ, ಸೈನ್ಯದಲ್ಲಿ ಹವಾಲ್ದಾರ್. ಕೊರಿಯಾದಲ್ಲಿ ಕಮ್ಯುನಿಸ್ಟರಿಗೂ ಅವರ ಮೇಲೆ ಹತ್ತಾರು ದೇಶಗಳಿಂದ ಹೋದ ಸೈನ್ಯಗಳಿಗೂ ಯುದ್ಧ ನಡೆದು ಕದನವಿರಾಮವಾದ ಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸೆರೆಯಾಳುಗಳು ಉಳಿದುಕೊಂಡರು. ಅವರು ಯಾವ ಕಡೆ ಹೋಗುತ್ತಾರೆಂದು ತೀರ್ಮಾನವಾಗುವ ತನಕ ಕಾವಲು ಕಾಯಲು ಭಾರತದ ಸೈನಿಕರನ್ನು ಕರೆಸಿದರು. ತಾತ ಹಾಗೆ ಹೋದವರು. ಕೈಯಲ್ಲಿ ಕಾಗದ ಹಿಡಿದು ಬಂದ ಅಧಿಕಾರಿಗಳಿಗೆ ಆ ಸೆರೆಯಾಳುಗಳು ತುಟಿ ಬಿಚ್ಚುತ್ತಿರಲಿಲ್ಲವಂತೆ. ತಾತ ಏನೂ ಕೇಳದೆ ತಂತಿಬೇಲಿಯ ಈಚೆ ನೆಲದ ಮೇಲೆ ಕೂತು, ನನಗೇನಾದರೂ ಕಲಿಸು ಎಂದು ಸನ್ನೆ ಮಾಡಿದರು. ಆಚೆ ಕಡೆಯ ಒಬ್ಬ ಕೊರಿಯಾದವನು ದಿನಕ್ಕೊಂದರಂತೆ ಅಂಕಿ ಕಲಿಸಿದ. ಹಾನಾ, ತೂಲ್, ಸೆತ್, ನೆತ್. ಐದು ಕಲಿಸುವ ದಿನ ಅವನನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿದ್ದರು. ಯಾವ ಕಡೆಗೆ ಹೋದನೋ ತಾತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಐದನ್ನು ಬೇರೆ ಯಾರಿಂದಲೂ ಕಲಿಯಲಿಲ್ಲ, ಹಟಮಾರಿ ಮನುಷ್ಯ. ನಮ್ಮ ಮನೆಯಲ್ಲಿ ಕಣ್ಣಾಮುಚ್ಚಾಲೆಗೆ ಎಣಿಸುವುದೂ ಹಾಗೇ ಆಗಿಹೋಯಿತು: ಹಾನಾ, ತೂಲ್, ಸೆತ್, ನೆತ್, ಐದು.

ಫೋನ್ ಇಟ್ಟು ನೇರ ವಾರ್ಡಿಗೆ ಬಂದೆ. ಕಳಚಿಡಲು ಬಿಳಿ ಕೋಟು ಇಲ್ಲಿ ಯಾರೂ ಹಾಕುವುದಿಲ್ಲ; ಕ್ಲಿಪ್‌ಬೋರ್ಡು, ಪೆನ್ನು, ಕೊರಳಿನ ಬ್ಯಾಡ್ಜು ಮೂರನ್ನೂ ನರ್ಸ್‌ಗಳ ಟೇಬಲ್ ಮೇಲೆ ಇಟ್ಟು, ಬರಿಗೈಯಲ್ಲಿ ಹೋಗಿ ಅಜ್ಜನ ಪಕ್ಕದ ಕುರ್ಚಿಯಲ್ಲಿ ಕೂತೆ. ಅವರು ಅನುಮಾನದಿಂದ ನೋಡಿದರು. ಹೆಸರು ಹೇಳಲು ಬಾಯಿ ತೆರೆದರು.

"ಬೇಡ ಅಜ್ಜ, ನಾನೇನೂ ಕೇಳಲ್ಲ. ನೀವೇ ಕೇಳಿ, ನಾನು ಉತ್ತರ ಕೊಡ್ತೀನಿ," ಅಂದೆ.

ನನ್ನ ಬರಿಗೈ ನೋಡಿದರು. ಆಮೇಲೆ, "ಎಲ್ಲಿಂದ ಬಂದವರು ನೀವು?" ಅಂದರು. ಇಂಡಿಯಾ ಅಂದೆ. ನನ್ನ ತಾತ ಸೈನಿಕ, ಕೊರಿಯಾಕ್ಕೆ ಹೋಗಿದ್ದರು, ಸೆರೆಯಾಳುಗಳನ್ನು ಕಾಯಲು, ಅಂದೆ. ಹಾನಾ, ತೂಲ್, ಸೆತ್, ನೆತ್ ಎಂದು ಎಣಿಸಿ, ತಾತ ಕಲಿತದ್ದು ಇಷ್ಟೇ, ಐದು ಅವರಿಗೆ ಸಿಗಲೇ ಇಲ್ಲ, ಅಂದೆ.

ಅಜ್ಜ ಕಣ್ಣು ಮುಚ್ಚಿಕೊಂಡರು. "ತಾಸೊತ್," ಅಂದರು. "ಐದು ತಾಸೊತ್. ಮೊದಲ ಚಳಿಗಾಲ ನಮ್ಮನ್ನ ಒಂದು ಹಳ್ಳಿ ಮನೇಲಿ ಇಟ್ಟಿದ್ರು. ಆ ಮನೆ ಮುದುಕಿ ಜೋಳದ ಉಂಡೆ ಎಣಿಸಿ ಎಣಿಸಿ ಕೊಡೋಳು."

ನಾನು ಮೂಗು ಒರೆಸಿಕೊಂಡು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ಹದಿನೆಂಟಕ್ಕೆ ಗಡಿ ದಾಟಿ, ಬ್ರಿಟಿಷರ ಕೈಯಲ್ಲೇ ಉಳಿದಿದ್ದ ಬೆಲ್‌ಫಾಸ್ಟಿಗೆ ಹೋಗಿ ಬ್ರಿಟಿಷ್ ಸೈನ್ಯ ಸೇರಿ, ಕೊರಿಯಾದಲ್ಲಿ ಕಮ್ಯುನಿಸ್ಟರ ಕೈಗೆ ಸೆರೆ ಸಿಕ್ಕಿದ್ದರು. ಬ್ರಿಟಿಷರ ಆಳ್ವಿಕೆ ಕಿತ್ತೊಗೆದ ಅವರ ಊರಿನಲ್ಲಿ ಆ ಸೈನ್ಯ ಸೇರಿದ್ದು ಹೇಳಿಕೊಳ್ಳುವ ವಿಷಯವೇ ಅಲ್ಲ, ಅದಕ್ಕೇ ಲಿವರ್‌ಪೂಲಿನ ಕಥೆ. "ಕಮ್ಯುನಿಸ್ಟರನ್ನ ತಡೀಬೇಕು ಅಂತ ಪಾದ್ರಿ ಹೇಳ್ತಿದ್ರು. ಕಮ್ಯುನಿಸ್ಟ್ ಅಂದ್ರೆ ಏನಂತ ನನಗೇನು ಗೊತ್ತು? ನನಗೆ ಬೇಕಾಗಿದ್ದು ಒಂದು ಜೊತೆ ಗಟ್ಟಿ ಬೂಟು. ಆಮೇಲೆ ಅದೇನು ಅಂತ ಕಲಿಸಿದ್ದು ಅವರೇ, ಕ್ಯಾಂಪಲ್ಲಿ ದಿನಾ ನಾಲ್ಕು ಗಂಟೆ ಪಾಠ, ಹೆಪ್ಪುಗಟ್ಟೋ ಚಳೀಲಿ!" ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. "ಕಾಗದ ಹಿಡ್ಕೊಂಡು ಒಬ್ಬ ಬರೋನು. ನಯವಾಗಿ ಮಾತಾಡೋನು. ಒಂದು ದಿನ ಕೇಳಿದ, ನಿಮ್ಮ ಗುಡಿಸಲಲ್ಲಿ ಯಾರ ಹತ್ರ ಚಾಕು ಇದೆ ಅಂತ. ಬ್ರೆಡ್ಡು ಕುಯ್ಯೋ ಚಾಕು, ಅದರಲ್ಲೇನಿದೆ ಅಂತ ನನ್ನ ಗೆಳೆಯನ ಹೆಸರು ಹೇಳಿದೆ. ಅವನು ಬರ್ಕೊಂಡ. ಮಾರನೇ ದಿನ ಗೆಳೆಯನ್ನ ಕರ್ಕೊಂಡು ಹೋಗಿ ಮಣ್ಣಿನ ಗುಂಡೀಲಿ ಕೂರಿಸಿದ್ರು. ಅವನು ವಾಪಸ್ ಬರ್ಲಿಲ್ಲ. ಅವತ್ತಿಂದ ಕಾಗದಕ್ಕೆ ನಾನು ಉತ್ತರ ಕೊಟ್ಟಿಲ್ಲ."

ರ‍್ಯಾಂಕು ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಸೈನ್ಯ ಬಿಟ್ಟು ಎಪ್ಪತ್ತು ವರ್ಷ ಆಯ್ತು ಮಾರಾಯ್ತಿ, ಇನ್ನೆಲ್ಲಿಯ ರ‍್ಯಾಂಕು!"

ಅಷ್ಟರಲ್ಲಿ ಅವರಿಗೆ ಹುರುಪು ಬಂದುಬಿಟ್ಟಿತ್ತು. ಪ್ರಶ್ನೆ ಕೇಳುವ ಸರದಿ ತಮ್ಮದೇ ಅಲ್ಲವೇ ಎಂದು ಶುರು ಹಚ್ಚಿಕೊಂಡರು. ಇವತ್ತು ತಾರೀಖು ಎಷ್ಟು? ನಾನು ಹದಿನಾಲ್ಕು ಅಂದೆ. ಹದಿನೈದು ಎಂದು ತಿದ್ದಿದರು, ಸರಿಯಾಗಿಯೇ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಎಪ್ಪತ್ತೊಂಬತ್ತರ ಹತ್ತಿರ ನಾನು ತಡವರಿಸಿದೆ. ಲೆಕ್ಕದ ಮೇಡಂ ಮಗಳು! ಕೊನೆಗೆ, "ಮೂರು ಪದ ಹೇಳಿ ನೋಡೋಣ," ಅಂದರು. ಯಾವ ಮೂರು ಪದ? "ಅಯ್ಯೋ, ನೀವೇ ಕೊಟ್ಟಿದ್ದು, ಆವತ್ತು ಮಂಗಳವಾರ. ಕೊಡೆ, ದೋಣಿ, ಕಿತ್ತಳೆ. ಇಷ್ಟೂ ನೆನಪಿರಲ್ವಾ ನಿಮಗೆ?"

ಟ್ರಾಲಿಯ ಹೆಂಗಸು ಆಗಷ್ಟೇ ಟೀ ತಂದಿದ್ದವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ನೀವು ಹೇಳಿದ್ದೇ ಸರಿ, ನಂದೇ ತಪ್ಪು ಅಂದೆ. ಅವಳು ನನಗೂ ಒಂದು ಕಪ್ ಕೊಟ್ಟು ಎರಡು ಬಿಸ್ಕತ್ತು ಇಟ್ಟಳು.

ಆದರೆ ಮೀಟಿಂಗಿಗೆ ಬಾಯಿಮಾತು ಸಾಲದು, ಅಂಕ ಕಾಗದದ ಮೇಲೇ ಇರಬೇಕು. ಅದನ್ನು ಹೇಗೆ ಕೇಳುವುದು? ಎಪ್ಪತ್ತು ವರ್ಷ ಕಾಪಾಡಿಕೊಂಡ ಶಪಥವನ್ನು ನನ್ನ ಫಾರ್ಮಿಗಾಗಿ ಮುರಿಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಸೊನ್ನೆ ಇದ್ದರೆ ಮನೆಗೆ ಬಿಡುವುದಿಲ್ಲ, ಆ ಸೊನ್ನೆ ಹಾಕಿದವಳು ನಾನು, ಅಳಿಸಬೇಕಾದರೆ ನೀವು ಇನ್ನೊಮ್ಮೆ ಕೂರಬೇಕು.

ಅಜ್ಜ ಟೀ ಮುಗಿಸಿದರು. "ಪೆನ್ನು ನನ್ನ ಕೈಯಲ್ಲಿರ್ಲಿ," ಅಂದರು. "ನನ್ನ ಉತ್ತರ ನಾನೇ ಬರೀತೀನಿ. ಬೇರೆಯವರು ಬರ್ಕೊಳ್ಳೋದು ಬೇಡ."

ನಾನು ಓದುತ್ತಾ ಹೋದೆ, ಅವರು ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡು ದಪ್ಪ ಅಕ್ಷರದಲ್ಲಿ ಬರೆಯುತ್ತಾ ಹೋದರು. ಮೊದಲ ಉತ್ತರವನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದರು, ಹಾಳೆಯಲ್ಲಿ ಆ ಗೀಟು ಹಾಗೇ ಉಳಿದಿದೆ. ಗಡಿಯಾರದ ಒಳಗೆ ಚಿಕ್ಕದಾಗಿ ಒಂದು ಕುದುರೆಯನ್ನೂ ಬರೆದರು. ಮೂವತ್ತಕ್ಕೆ ಇಪ್ಪತ್ತೆಂಟು. ಹೋದ ಆ ಎರಡು ಅಂಕವನ್ನು ಹೇಗಾದರೂ ಸೇರಿಸಲು ನನ್ನ ಕೈ ಕಡಿಯುತ್ತಿತ್ತು. "ಬೇಡ, ತಪ್ಪು ತಪ್ಪೇ," ಎಂದು ಅವರೇ ತಡೆದರು.

ಶುಕ್ರವಾರ ಮೀಟಿಂಗಿಗೆ ಮುಂಚೆ ಆ ಹಾಳೆಯನ್ನು ಅವರೇ ಮಗಳ ಕೈಗೆ ಕೊಟ್ಟರು. ಆಮೇಲೆ ಇಬ್ಬರೂ ಬಾಗಿಲು ಹಾಕಿಕೊಂಡು ಒಂದು ತಾಸು ಮಾತಾಡಿದರು. ನಾನು ಒಳಗೆ ಹೋಗಲಿಲ್ಲ, ಅದು ನನ್ನ ಜಾಗವಲ್ಲ. ಹೊರಬಂದಾಗ ಮಗಳ ಕಣ್ಣು ಕೆಂಪಾಗಿತ್ತು. "ಅರವತ್ತು ವರ್ಷ ಆಯ್ತು ನನಗೆ. ಇವತ್ತು ಅಪ್ಪನ ಜೊತೆ ಮಾತಾಡಿದೆ," ಅಂದಳು. ನರ್ಸಿಂಗ್ ಹೋಮಿನ ಅರ್ಜಿಯನ್ನು ಅಲ್ಲೇ ಹರಿದು ಬುಟ್ಟಿಗೆ ಹಾಕಿದಳು. ಮೀಟಿಂಗು ಹತ್ತು ನಿಮಿಷದಲ್ಲಿ ಮುಗಿಯಿತು.

ಮುಂದಿನ ವಾರ ಅವರು ಮನೆಗೆ ಹೋದ ದಿನ ನಾನೂ ಫಿಸಿಯೋ ಜೊತೆ ಹೋದೆ. ಹೋಗಲೇಬೇಕೆಂದೇನೂ ಇರಲಿಲ್ಲ, ಮನಸ್ಸು ಕೇಳಲಿಲ್ಲ. ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದ ಮುದಿ ನಾಯಿ ಅಜ್ಜನನ್ನು ಕಂಡು ಊಳಿಟ್ಟು, ಬಾಲದ ಜೊತೆ ಇಡೀ ಮೈಯನ್ನೇ ಅಲ್ಲಾಡಿಸಿತು. ಹಿಂಬಾಗಿಲಿಗೆ ಹೊಸದಾಗಿ ಕಬ್ಬಿಣದ ಹಿಡಿ ಹಾಕಿಸಿದ್ದರು. ಐದು ಮೆಟ್ಟಿಲು. ಅಜ್ಜ ಹಿಡಿ ಹಿಡಿದುಕೊಂಡು ಒಂದೊಂದೇ ಹತ್ತಿದರು, ಹಾನಾ, ತೂಲ್ ಎಂದು ಗಟ್ಟಿಯಾಗಿ ಎಣಿಸುತ್ತಾ. ನಾಲ್ಕನೆಯದರ ಮೇಲೆ ನಿಂತು ನನ್ನ ಕಡೆ ತಿರುಗಿದರು.

"ಇದು ನಿಮ್ಮ ತಾತಂದು," ಅಂದರು. "ತಾಸೊತ್." ಒಳಗೆ ಹೋದರು.

ರಸ್ತೆಯಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನಾನೇ ಅಳುತ್ತಿದ್ದೆ. ಅಮ್ಮ ಅಳಲಿಲ್ಲ. "ಇನ್ನೊಂದ್ಸಲ ಹೇಳು, ಬರ್ಕೋತೀನಿ," ಅಂದಳು. ಹೇಳಿದೆ. ಆ ಕಡೆ ಪಾಠದ ಮಕ್ಕಳ ಗಲಾಟೆ. ಅವರನ್ನೆಲ್ಲ ಸುಮ್ಮನಿರಿಸಿ, ಅಮ್ಮ ಮೊದಲಿನಿಂದ ಎಣಿಸಿದಳು. ಹಾನಾ, ತೂಲ್, ಸೆತ್, ನೆತ್. ಒಂದು ಉಸಿರು ತೆಗೆದುಕೊಂಡಳು. ಆಮೇಲೆ ತನ್ನ ಅಪ್ಪ ಯಾವತ್ತೂ ಹೇಳಲಾಗದ ಐದನ್ನೂ ಹೇಳಿದಳು.