ನೆಲಕ್ಕೆ ಇಳಿಸುವ ಮಾತು

ಅರವತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದ ಜಕ್ಕೂರಿನ ವಿಮಾನ ಮೈದಾನದ ಮಗ್ಗುಲಿನ ನಮ್ಮ ಊರಿನಲ್ಲಿ ಯಾರಿಗೆ ಕೆಮ್ಮು ಬಂದರೂ ಅದು ನನ್ನ ಪದವಿಗೆ ಸಂಬಂಧಪಟ್ಟ ವಿಷಯವಾಗುತ್ತಿತ್ತು. ನಾಡಿ ತೀರ ನಿಧಾನವಾಗಿ, ಆಗಾಗ ಕಣ್ಣು ಕತ್ತಲೆಗಟ್ಟಿ ಬೀಳುತ್ತಿದ್ದ ನನ್ನ ದೊಡ್ಡಪ್ಪನನ್ನು ಕರೆತಂದಾಗ, ಸಾಮಾನ್ಯ ವಾರ್ಡಿನಲ್ಲಿ ಮಲಗಿಸಿದರೆ ಊರಿಗೆ ಏನು ಉತ್ತರ ಹೇಳುವುದೆಂದು ಹೆದರಿ, ಆಸ್ಪತ್ರೆಯ ಕಾರ್ಯದರ್ಶಿಗಳಲ್ಲಿ ವಿನಂತಿಸಿಕೊಂಡು ವಿಶೇಷ ವಾರ್ಡನ್ನು ದೊರಕಿಸಿದೆ.

ವಿಶೇಷ ವಾರ್ಡಿನ ವಿಶೇಷವೆಂದರೆ ಸ್ಪಂಜಿನ ಹಾಸಿಗೆ. ಯಶವಂತಪುರದ ವರ್ತಕರು ಕೂಡಿ ದಾನ ಮಾಡಿದ್ದರು. ದಾನಿಗಳ ಹೆಸರುಗಳು ಬಂಗಾರದ ಬಣ್ಣದಲ್ಲಿ ಒಂದು ದಪ್ಪ ತೇಗದ ಹಲಗೆಯ ಮೇಲೆ ಗೋಡೆಯಲ್ಲಿ ಬೆಳಗುತ್ತಿದ್ದವು. ಆಜನ್ಮ ಚಾಪೆಯ ಮೇಲೆ ಮಲಗಿದ್ದ ದೊಡ್ಡಪ್ಪ ಆ ಹಾಸಿಗೆಯಲ್ಲಿ ಸೊಂಟದವರೆಗೂ ಹೂತುಹೋದ.

“ಏನ್ಲಾ ಇದು, ಜಕ್ಕೂರಿನ್ ಇಮಾನ ಇದ್ದಂಗೈತೆ. ನನ್ ಎತ್ಕೊಂಡ್ ಮೇಲಕ್ಕೆ ಓಗ್ಬಿಡ್ತದೇನ್ಲಾ?”

“ಬಿಡ್ತು ಅನ್ನಿ!” ಎಂದು ದೊಡ್ಡವ್ವ ಗದರಿದಳು.

“ಬಿಡ್ತು” ಎಂದ ದೊಡ್ಡಪ್ಪ. ಅಪಶಕುನದ ಮಾತು ಹೀಗೆ ರದ್ದಾಗುತ್ತದೆಂಬುದು ನಮ್ಮ ಮನೆಯ ಶಾಸ್ತ್ರ.

ಮರುದಿನ ಮಧ್ಯಾಹ್ನ, ನಾನೂ ಹಿರಿಯ ವೈದ್ಯರೂ ವಾರ್ಡಿನಲ್ಲಿರುವಾಗಲೇ, ದೊಡ್ಡಪ್ಪನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ನಾಡಿ ನಿಂತಿತು. ನಿಂತ ಹೃದಯವನ್ನು ಎದೆಯ ಮೇಲಿಂದಲೇ ಒತ್ತಿ ನಡೆಸುವ ವಿಧಾನ ಆಗ ನಮಗೆ ಹೊಸದು. ನರ್ಸಮ್ಮ ಉಸಿರು ಕೊಡಲು ನಿಂತರು. ನಾನು ಎರಡೂ ಅಂಗೈ ಊರಿ ಒತ್ತಿದೆ. ದೊಡ್ಡಪ್ಪನ ಎದೆ ತಗ್ಗಲಿಲ್ಲ, ಹಾಸಿಗೆ ತಗ್ಗಿತು. ಬಿಟ್ಟರೆ ಇಬ್ಬರೂ ಮೇಲಕ್ಕೇಳುತ್ತಿದ್ದೆವು. ದಾನಿಗಳ ಔದಾರ್ಯವು ನನ್ನ ಬಲವನ್ನೆಲ್ಲ ನುಂಗುತ್ತಿತ್ತು.

“ಸ್ಪಂಜಿಗೆ ಚಿಕಿತ್ಸೆ ಮಾಡ್ತಿದೀರಲ್ರೀ!” ಎಂದು ಹಿರಿಯ ವೈದ್ಯರು ಕೂಗಿದರು. “ಕೆಳಗೆ ಗಟ್ಟಿ ಇಲ್ದೆ ಎದೆಗೆ ಏನೂ ತಾಗಲ್ಲ. ನೆಲಕ್ಕೆ ಇಳಿಸ್ರೀ ಇವರನ್ನ!”

ವೈದ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಸಮಂಜಸವಾದ ಮಾತಿಲ್ಲ. ಆದರೆ ನಮ್ಮ ಕಡೆ, ಮಂಚದ ಮೇಲೆ ಪ್ರಾಣ ಹೋಗಬಾರದೆಂದು, ಇನ್ನು ಆಸೆಯಿಲ್ಲ ಎಂದಾದವರನ್ನು ಮಾತ್ರ ನೆಲಕ್ಕೆ ಇಳಿಸುತ್ತಾರೆ. ಇಳಿಸಿದ ಮೇಲೆ ಬಾಯಿಗೆ ನೀರು ಬಿಡುವುದಷ್ಟೇ ಉಳಿಯುವ ಕೆಲಸ.

“ಬಿಡ್ತು ಅನ್ನಿ ಡಾಕ್ಟ್ರೇ! ಮೈ ಇನ್ನಾ ಬಿಸಿ ಐತೆ, ಈಗ್ಲೇ ನೆಲಕ್ ಆಕ್ತೀರಾ?” ಎಂದು ದೊಡ್ಡವ್ವ ಮಂಚದ ಕಂಬಿಯನ್ನು ತಬ್ಬಿದಳು. ಅವಳ ಮಗ, ನನ್ನ ಅಣ್ಣ, ತಂದೆಯ ಎರಡೂ ಕಾಲುಗಳನ್ನು ಹಾಸಿಗೆಗೆ ಅದುಮಿ ಹಿಡಿದ. ದೊಡ್ಡಪ್ಪನನ್ನು ಉಳಿಸಲು ನಾವು ಕೆಳಕ್ಕೆ ಎಳೆಯುತ್ತಿದ್ದೆವು, ಉಳಿಸಲೆಂದೇ ಅವರು ಮೇಲೆ ಹಿಡಿದಿದ್ದರು.

“ಗಟ್ಟಿಯಾದ ಆಧಾರವಿಲ್ಲದೆ ಹೃದಯದ ಮೇಲೆ ಒತ್ತಡ ಬೀಳುವುದಿಲ್ಲ, ದೊಡ್ಡಮ್ಮ” ಎಂದೆ. ವ್ಯಾಕರಣದಲ್ಲಿ ದೋಷವಿರಲಿಲ್ಲ. ಯಾರಿಗೂ ಕೇಳಿಸಲೂ ಇಲ್ಲ. ಅಷ್ಟರಲ್ಲಿ ಕಣ್ಣು ಗೋಡೆಯ ಹಲಗೆಯ ಮೇಲೆ ಹೋಯಿತು. ಕಾಲೇಜಿಗೆ ಸೇರಿದಂದಿನಿಂದ ನಾಲಗೆಯಿಂದ ಉಜ್ಜಿ ತೆಗೆದಿದ್ದ ಊರಿನ ಮಾತು ಬಾಯಿಗೆ ಬಂತು:

“ನೆಲಕ್ಕಲ್ಲ ಕಣ್ ದೊಡ್ಡವ್ವಾ! ಮಂಚದ್ ಮ್ಯಾಲೇ ಇರ್ಲಿ, ಬೆನ್ನಿಗೆ ಅಲಗೆ ಇಕ್ತೀನಿ! ಅಣ್ಣಾ, ಆ ಅಲಗೆ ಕೀಳ್ಲಾ!”

ಅಣ್ಣ ಹಲಗೆಯನ್ನು ಮೊಳೆಸಮೇತ ಕಿತ್ತ. ದಾನಿಗಳನ್ನು ಬೋರಲು ಹಾಕಿ ದೊಡ್ಡಪ್ಪನ ಬೆನ್ನಡಿ ತೂರಿಸಿದೆವು. ಈಗ ಒತ್ತಿದಾಗ ಎದೆ ತಗ್ಗಿತು. ಪಕ್ಕೆಲುಬೊಂದು ಲಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಹಿರಿಯ ವೈದ್ಯರು ಕುತ್ತಿಗೆಯ ಮೇಲೆ ಬೆರಳಿಟ್ಟು, “ಬಂತು ಕಣ್ರೀ” ಎಂದರು. ಹೃದಯ ತಾನಾಗಿಯೇ ಮತ್ತೆ ಹೊರಟಿದ್ದರೂ ಹೊರಟಿರಬಹುದು. ಖಚಿತವಾಗಿ ಹೇಳುವ ಅಧಿಕಾರ ನನಗಿಲ್ಲ.

ಅಧಿಕಾರ ಬೇರೆಯವರಿಗಿತ್ತು. ಕಾರ್ಯದರ್ಶಿಗಳು ಸ್ಪಂಜಿನ ಹಾಸಿಗೆಯ ಮೇಲೆ ಹೋದ ಜೀವ ಮರಳಿತೆಂದು ಬಂದವರಿಗೆಲ್ಲ ತೋರಿಸಿ, ಸಾಮಾನ್ಯ ವಾರ್ಡಿಗೂ ಅದನ್ನೇ ತರಿಸಲು ನಿಶ್ಚಯಿಸಿದರು. ನನ್ನನ್ನು ಮಾತ್ರ ಪ್ರತ್ಯೇಕವಾಗಿ ಕರೆದು, ಇಬ್ಬರು ದಾನಿಗಳ ಹೆಸರಿನ ಬಣ್ಣ ಕೆರೆದುಹೋದುದು ಹೇಗೆಂದು ವಿಚಾರಿಸಿದರು. ನೆಲಕ್ಕೆ ಇಳಿಸಲು ತಾನು ಬಿಡದಿದ್ದುದರಿಂದಲೇ ಗಂಡ ಉಳಿದನೆಂದು ದೊಡ್ಡವ್ವ ಊರಿಗೆಲ್ಲ ಹೇಳಿದಳು.

ವಾರ ಕಳೆದ ಮೇಲೆ ದೊಡ್ಡಪ್ಪ ಪಕ್ಕೆ ಹಿಡಿದುಕೊಂಡು ನರಳುತ್ತ ನನ್ನನ್ನು ಕರೆದ. “ಈ ಮೆತ್ತೇಲಿ ಸೊಂಟ ಬಿದ್ದೋಯ್ತು ಕಣ್ಲಾ. ನನ್ ಒಸಿ ನೆಲಕ್ಕ್ ಇಳಿಸ್ಲಾ.”

“ಬಿಡ್ತು ಅನ್ನಿ!”

“ಬಿಡ್ತು ಕಣೆ, ಬಿಡ್ತು. ಈಗ ಇಳ್ಸು.”

ದೊಡ್ಡವ್ವ ನನ್ನ ಮುಖ ನೋಡಿದಳು. ಪದವಿ ಪಡೆದವನು ನಾನೇ ಆದ್ದರಿಂದ ಅಪ್ಪಣೆ ಕೊಡಬೇಕಾದವನೂ ನಾನೇ. ಪದಗಳನ್ನು ತೂಗಿ ನೋಡಿ, ‘ನೆಲ’ವನ್ನೂ ‘ಇಳಿಸು’ವುದನ್ನೂ ಬಿಟ್ಟು, “ಚಾಪೆ ಹಾಸು ದೊಡ್ಡವ್ವ” ಎಂದೆ.

ಅವಳು ಮಂಚದಡಿಯಿಂದ ಚಾಪೆ ಎಳೆದು, ನೆಲದ ಮೇಲೆ ಬಿಚ್ಚಿದಳು.